ನೀರಿನ ಸ್ಕೂಟರಿನ ಹಿಂದಿನ ಸೀಟು

ನನ್ನ ಮೊಮ್ಮಗಳಿಗೆ ಇಬ್ಬರು ಅಜ್ಜಿಯರು. ಅವಳ ಬಾಯಲ್ಲಿ ಒಬ್ಬರು ಮನೆ ಅಜ್ಜಿ, ಇನ್ನೊಬ್ಬರು ಬಸ್ ಅಜ್ಜಿ. ಮನೆ ಅಜ್ಜಿ ಅಂದರೆ ಅವಳ ಅಪ್ಪನ ತಾಯಿ, ನನ್ನ ಬೀಗಿತ್ತಿ. ಸ್ಕೂಲಿನಲ್ಲಿ ಮೇಡಂ ಆಗಿದ್ದು ರಿಟೈರಾದವರು, ರಾಮಕೃಷ್ಣನಗರದಲ್ಲಿ ಮಗ ಸೊಸೆಯ ಜೊತೆಗೇ ಇದ್ದರು. ಬಸ್ ಅಜ್ಜಿ ನಾನು. ಭಾನುವಾರ ಇಲವಾಲದಿಂದ ಎರಡು ಬಸ್ಸು ಬದಲಾಯಿಸಿ, ಡಬ್ಬಿಯಲ್ಲಿ ಕೋಡುಬಳೆ ತುಂಬಿಕೊಂಡು ಹೋಗಿ, ಕತ್ತಲಾಗುವ ಮುಂಚೆ ವಾಪಸಾಗುವವಳು. ಆ ಹೆಸರು ಕೇಳಿದವರೆಲ್ಲ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಹೊಟ್ಟೆಯೊಳಗೆ ಮಾತ್ರ ಮೆಣಸಿನಕಾಯಿ ಹುರಿದ ಹಾಗಾಗುತ್ತಿತ್ತು. ಮಗುವಿಗೆ ಜಡೆ ಹಾಕುವವರು ಅವರು, ಪಕ್ಕದಲ್ಲಿ ಮಲಗಿಸಿಕೊಳ್ಳುವವರು ಅವರು. ನನಗೆ ಸಿಗುತ್ತಿದ್ದದ್ದು ಭಾನುವಾರದ ಮಗು, ಅದೂ ಟಿವಿ ನೋಡಿ ಮುಗಿದ ಮೇಲೆ.

ಮೊಬೈಲು ಆಗಷ್ಟೇ ನನ್ನ ಅಳಿಯಂದಿರ ಸೊಂಟಕ್ಕೆ ಬಂದಿತ್ತು. ಆ ಬೇಸಿಗೆ ರಜಕ್ಕೆ ಕಾರವಾರದ ಕಡೆ ಕಡಲ ದಂಡೆಯ ಒಂದು ಊರಿಗೆ ಹೋಗೋಣ ಅಂತ ಅವರು ಹೊರಡಿಸಿದರು, ನನ್ನನ್ನೂ ಸೇರಿಸಿಕೊಂಡು. ಕನ್ನಂಬಾಡಿಯ ಹಿನ್ನೀರು ಬಿಟ್ಟರೆ ನಾನು ದೊಡ್ಡ ನೀರು ಕಂಡವಳಲ್ಲ. ಅಲ್ಲಿಯ ಗಾಳಿಗೆ ಒಣಹಾಕಿದ ಬಟ್ಟೆ ಪಕ್ಕದ ಬೀದಿಯಲ್ಲಿ ಸಿಗುತ್ತದಂತೆ. ನೀರಿನ ಮೇಲೆ ಓಡುವ ಸ್ಕೂಟರು ಬೇರೆ ಇದೆಯಂತೆ. ಮೊಮ್ಮಗಳು ಅದನ್ನು ಟಿವಿಯಲ್ಲಿ ನೋಡಿದ್ದಳು. ಅವಳಿಗೆ ಅದೊಂದು ಸಿಕ್ಕರೆ ಸಾಕು, ಬೇರೆ ಕಡಲೇ ಬೇಡ.

ಅಳಿಯಂದಿರು ಸ್ಕೂಟರಿನವರಿಗೆ ಫೋನ್ ಮಾಡಿ ವಿಚಾರಿಸಿದರು. ಓಡಿಸುವವನು ಮುಂದೆ, ಮಗು ನಡುವೆ, ಹಿಂದೆ ಮಗುವನ್ನು ತಬ್ಬಿ ಹಿಡಿಯುವ ದೊಡ್ಡವರೊಬ್ಬರು, ಆದರೆ ಹಗುರಾಗಿರಬೇಕು ಅಂದರಂತೆ. ಅಳಿಯಂದಿರು ತಮ್ಮ ಹೊಟ್ಟೆ ನೋಡಿಕೊಂಡು ಹಿಂದೆ ಸರಿದರು. ನನ್ನ ಮಗಳಿಗೆ ಉಯ್ಯಾಲೆಯಲ್ಲೇ ತಲೆ ತಿರುಗುತ್ತದೆ. ಮಗುವನ್ನು ಒಂದು ಸುತ್ತಿಗೆ ಕಳಿಸುತ್ತೇನೆ, ಎರಡನೆಯದು ಕೇಳಲೇಬೇಡಿ ಅಂತ ಅವಳು ಪಟ್ಟು ಹಿಡಿದಳು. ಉಳಿದವರು ನಾವಿಬ್ಬರು ಸಣಕಲು ಅಜ್ಜಿಯರು, ಇದ್ದದ್ದು ಒಂದೇ ಸೀಟು.

ನಮ್ಮಲ್ಲಿ ಹೆಣ್ಣು ಕೊಟ್ಟವರು ಯಾವಾಗಲೂ ಒಂದು ಹೆಜ್ಜೆ ಹಿಂದೆ. ಊಟಕ್ಕೆ ಎಲೆ ಹಾಕಿದರೆ ನೀವು ಮೊದಲು ಕೂತುಕೊಳ್ಳಿ ಅಂತ ನಾವು ಅನ್ನಬೇಕು, ಇಲ್ಲ ನೀವೇ ಅಂತ ಅವರು ಅನ್ನಬೇಕು, ಮತ್ತೆ ನಾವು, ಮತ್ತೆ ಅವರು, ಆಮೇಲೆ ಇಬ್ಬರೂ ಕೂರಬೇಕು. ಆ ಅಭ್ಯಾಸದಲ್ಲೇ ನನ್ನ ಬಾಯಿ ತೆರೆಯಿತು.

"ನಂಗ್ಯಾಕೆ ಬುಡಿ ಬೀಗ್ರೆ ಅವೆಲ್ಲ. ಮಗು ಹಿಂದೆ ನೀವೇ ಕೂತ್ಕೊಳಿ."

ಅವರು ಬೇಡ ಅನ್ನುವುದನ್ನು ಕಾಯುತ್ತ ಸೆರಗು ಸರಿಮಾಡಿಕೊಂಡೆ.

"ಆಯ್ತು, ನೀವು ಅಷ್ಟೊಂದು ಹೇಳಿದ್ಮೇಲೆ," ಅಂದುಬಿಟ್ಟರು.

ಅಷ್ಟೊಂದು ಎಲ್ಲಿ ಹೇಳಿದ್ದೆ? ಒಂದೇ ಸಲ ಹೇಳಿದ್ದೆ. ಇಲವಾಲದ ತನಕ ಬಸ್ಸಿನಲ್ಲಿ ನನ್ನ ನಾಲಿಗೆಯನ್ನು ನಾನೇ ಬೈದುಕೊಂಡು ಬಂದೆ.

ಆಮೇಲಿನ ಭಾನುವಾರಗಳನ್ನು ಕೇಳಬೇಡಿ. ಬೀಗಿತ್ತಿ ನೀಲಿ ಬಣ್ಣದ ಚೂಡಿದಾರ ತಂದುಕೊಂಡರು. ದಿವಾನದ ಮೇಲೆ ಉದ್ದ ದಿಂಬಿಟ್ಟು, ಅದರ ಮೇಲೆ ಮೊಮ್ಮಗಳು ಕೂತು, ಹಿಂದೆ ಅವರು ಚೂಡಿದಾರ ಹಾಕಿಕೊಂಡು ಅವಳ ಸೊಂಟ ಬಳಸಿ ಕೂತು ಅಭ್ಯಾಸ ನಡೆಯುತ್ತಿತ್ತು. ಮಗು ಎಡಕ್ಕೆ ವಾಲಿದರೆ ಅವರೂ ಎಡಕ್ಕೆ ವಾಲುತ್ತಿದ್ದರು. ನನಗಿಂತ ದೊಡ್ಡವರು, ಆದರೂ ದಿನಾ ವಾಕಿಂಗ್ ಹೋಗಿ ಹೋಗಿ ಬಳ್ಳಿಯ ಹಾಗಿದ್ದರು. ನಾನು ಅಡುಗೆಮನೆ ಬಾಗಿಲಲ್ಲಿ ಅವರೆಕಾಳು ಬಿಡಿಸುತ್ತ, ಕಾಳನ್ನು ಸಿಪ್ಪೆಯ ಜೊತೆ ಎಸೆಯುತ್ತಿದ್ದೆ. ಲಿಂಗಪೂಜೆಗೆ ಕೂತಾಗ, ಅವರಿಗೆ ಕೆಟ್ಟದ್ದೇನೂ ಆಗದಿರಲಿ ಶಿವನೇ, ಸಣ್ಣದೊಂದು ಮಂಡಿನೋವು ಬರಲಿ ಅಂತ ಬೇಡಿಕೊಂಡೆ. ಅವರ ಮಂಡಿ ಕಲ್ಲಿನ ಹಾಗೆಯೇ ಇತ್ತು.

ಹೊರಡುವ ಹಿಂದಿನ ಭಾನುವಾರ, ನಾನು ಬಸ್ಸಿಗೆ ಹೊರಟಾಗ ಅವರು ಬಾಗಿಲಲ್ಲಿ ಕುಂಕುಮ ಕೊಟ್ಟರು. ಕೊಡುತ್ತ, ಬಾಯುಪಚಾರಕ್ಕೆ ಒಂದು ಮಾತು ಆಡಿದರು.

"ನಂಗೇ ಆಗ್ಬೇಕು ಅಂತೇನಿಲ್ಲ ಬೀಗ್ರೆ. ನಿಮ್ಗೆ ಆಸೆ ಇದ್ರೆ ಸ್ಕೂಟರಲ್ಲಿ ನೀವೇ ಕೂತ್ಕೊಳಿ."

ಅದು ಬಾಯಿಮಾತು ಅಂತ ನನಗೆ ಗೊತ್ತಿತ್ತು. ನಾನು ಬೇಡ ಅನ್ನಬೇಕಿತ್ತು.

"ಆಗ್ಲಿ ಬುಡಿ, ನಾನೇ ಕೂತ್ಕೋತೀನಿ," ಅಂದೆ.

ಕುಂಕುಮದ ಬಟ್ಟಲು ಹಿಡಿದ ಅವರ ಕೈ ಹಾಗೇ ನಿಂತಿತು. ಹಿಂದಿನಿಂದ ಮಗಳು ನನ್ನ ಸೆರಗು ಜಗ್ಗಿದಳು. ಅತ್ತೆಯ ಜೊತೆ ನಾಳೆಯೂ ಬಾಳಬೇಕಾದವಳು ಅವಳಲ್ಲವೇ? ನಾನು ಸೆರಗು ಬಿಡಿಸಿಕೊಂಡೆ, ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಬೀಗಿತ್ತಿ ನನ್ನ ಮುಖವನ್ನೇ ನೋಡಿದರು. ಆಮೇಲೆ ಅವರ ತುಟಿ ಅಲುಗಿತು.

"ಚೆನ್ನಾಗಿ ಕಲ್ತುಬಿಟ್ರಿ," ಅಂದರು.

"ಮೇಡಂ ಒಳ್ಳೇರು ಸಿಕ್ಕಿದ್ರು."

ಅವರು ಜೋರಾಗಿ ನಕ್ಕುಬಿಟ್ಟರು. ಮೊಮ್ಮಗಳಿಗೆ ಮಾತ್ರ ಅನುಮಾನ. "ಬಸ್ ಅಜ್ಜಿ, ಗಟ್ಟಿಯಾಗಿ ಹಿಡ್ಕೋಬೇಕು. ನಿಂಗೆ ಬರತ್ತಾ?"

"ವಾರಾ ವಾರಾ ಕಂಬಿ ಹಿಡ್ಕಂಡು ನಿಂತು ಬರೋಳು ಕಣವ್ವ ನಾನು."

ಬೀಗಿತ್ತಿ ಒಳಗೆ ಹೋಗಿ ಆ ನೀಲಿ ಚೂಡಿದಾರವನ್ನೇ ತಂದು ನನ್ನ ಚೀಲಕ್ಕೆ ತುರುಕಿದರು. ಸೀರೆ ಉಟ್ಟುಕೊಂಡು ಗಾಳಿಪಟ ಆಗಬೇಡಿ ಅಂದರು. ಕೊಡುವಾಗಲೂ ಚುಚ್ಚದೆ ಬಿಡುವವರಲ್ಲ.

ಕಡಲನ್ನು ಹೇಗೆ ಹೇಳಲಿ? ಗಾಳಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಕೊರಳ ಲಿಂಗವನ್ನು ಬಟ್ಟೆಯೊಳಗೆ ಭದ್ರವಾಗಿ ಕಟ್ಟಿಕೊಂಡು, ಮೇಲೆ ಸ್ಕೂಟರಿನವರು ಕೊಟ್ಟ, ನೀರಲ್ಲಿ ತೇಲಿಸುವ ಉಬ್ಬಿದ ಕೋಟು ತೊಟ್ಟು, ಜೀವನದಲ್ಲಿ ಮೊದಲ ಸಲ ಚೂಡಿದಾರದಲ್ಲಿ ನಿಂತೆ. ದಡದಲ್ಲಿ ನನ್ನ ಚಪ್ಪಲಿ ಹಿಡಿದುಕೊಂಡವರು ಯಾರು ಅಂತೀರಿ? ಗಂಡಿನ ತಾಯಿ. ನಮ್ಮ ಇಡೀ ಬಳಗದಲ್ಲಿ ಯಾವ ಹೆಣ್ಣಿನ ತಾಯಿಗೆ ಇಂಥ ಭಾಗ್ಯ ಬಂದಿದೆ?

ಸ್ಕೂಟರು ಹೊರಟಿತು. ಮಗುವಿನ ಬೆನ್ನು ನನ್ನ ಎದೆಗೆ ಆನಿತ್ತು, ಅವಳ ಜಡೆ ನನ್ನ ಗಲ್ಲಕ್ಕೆ ಬಡಿಯುತ್ತಿತ್ತು. ಇಷ್ಟು ಹೊತ್ತು ಅವಳು ನನ್ನ ತೋಳಿನಲ್ಲಿ ಎಂದೂ ಇದ್ದವಳಲ್ಲ. ಅವಳು ನನ್ನ ತೋಳಿಗೆ ಮೂಗು ಒತ್ತಿ ಹೇಳಿದಳು.

"ಅಜ್ಜಿ, ನೀನು ಮನೆ ಅಜ್ಜಿ ಥರಾನೇ ಘಂ ಅಂತಿದ್ದೀಯ."

ಬೀಗಿತ್ತಿ ಬೀರುವಿನಲ್ಲಿ ಬಟ್ಟೆಯ ನಡುವೆ ಇಡುವ ಗಂಧದ ಚಕ್ಕೆಯ ವಾಸನೆ ಅದು, ಚೂಡಿದಾರಕ್ಕೆ ಹತ್ತಿತ್ತು. ಸಮುದ್ರದ ಮಧ್ಯಕ್ಕೂ ಬಂದಿದ್ದರು ಅವರು.

ಅಷ್ಟರಲ್ಲಿ ಸ್ಕೂಟರು ಅಲೆಯನ್ನು ಹತ್ತಿ ಇಳಿಯಿತು. ಉಪ್ಪುನೀರು ನೆತ್ತಿಯಿಂದ ಸುರಿಯಿತು. ಮಗು ಕೂಗಿಕೊಂಡು ಎರಡೂ ಕೈಯಲ್ಲಿ ನನ್ನ ತೋಳನ್ನು ಹಿಡಿದುಕೊಂಡಿತು. ದಡದಲ್ಲಿ ಬೀಗಿತ್ತಿ ನನ್ನ ಚಪ್ಪಲಿಯನ್ನೇ ಎತ್ತಿ ಬೀಸುತ್ತಿದ್ದರು. ನಾನು ಮಗುವನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡು, ಇನ್ನೊಂದು ಅಲೆ ಬರಲಿ ಶಿವನೇ, ಈ ಗಂಧ ಪೂರ್ತಿ ತೊಳೆದುಹೋಗಲಿ ಅಂತ ಬೇಡಿಕೊಂಡೆ. ಬಂತು.