ಆಕಾಶದಲ್ಲಿ ಕರೆಂಟ್ ಹೋದದ್ದು

ಬನಹಟ್ಟಿಯ ನಮ್ಮ ಓಣಿಯಲ್ಲಿ ಹುಟ್ಟಿದವರು ಸದ್ದಿಗೆ ಅಂಜುವುದಿಲ್ಲ. ನಮ್ಮ ಮನೆಯಲ್ಲಿ ಕರೆಂಟಿನ ಮಗ್ಗ ನಾಲ್ಕು. ಗೋಡೆಯ ಈಚೆ ನಾವು, ಆಚೆ ಅವು. ಮಗ್ಗ ಓಡುತ್ತಿದ್ದರೆ ತೊಟ್ಟಿಲ ಕೂಸು ಗಡದ್ದಾಗಿ ನಿದ್ದೆ ಮಾಡುತ್ತದೆ. ನಿಂತಿತೋ, ಎದ್ದು ಅಳುತ್ತದೆ. ಆಗ ಓಣಿಗೆ ಓಣಿಯೇ "ಕರೆಂಟ್ ಹೋತು!" ಎಂದು ಕೂಗುತ್ತದೆ. ಎಲ್ಲರ ಮನೆಯದೂ ಹೋಗಿರುತ್ತದೆ, ಎಲ್ಲರಿಗೂ ಗೊತ್ತಿರುತ್ತದೆ, ಆದರೂ ಕೂಗುತ್ತೇವೆ.

ನಾನು ಅಂಜುತ್ತಿದ್ದದ್ದು ವಿಮಾನಕ್ಕೆ. ಯಾಕೆ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ ಕೊಡುತ್ತಿದ್ದೆ: ಬಸ್ಸು ಕೆಟ್ಟರೆ ಇಳಿದು ತಳ್ಳಬಹುದು. ಜಮಖಂಡಿ ದಾರಿಯಲ್ಲಿ ನಾನೇ ಎಷ್ಟೋ ಸಲ ತಳ್ಳಿದ್ದೇನೆ. ಜನ ನಗುತ್ತಿದ್ದರು. ನಾನು ತಮಾಷೆ ಮಾಡಿರಲಿಲ್ಲ.

ಈ ಅಂಜಿಕೆಯಿಂದ ನೊಂದವಳು ನನ್ನ ಅಕ್ಕ. ಹರಿದ ನೂಲಿಗೆ ಗಂಟು ಹಾಕುವುದನ್ನು ನನಗೆ ಕಲಿಸಿದವಳು. ಮದುವೆಯಾಗಿ ದಿಲ್ಲಿ ಸೇರಿದಳು. ಮಕ್ಕಳಿಲ್ಲ. ನಾಲ್ಕು ವರ್ಷದ ಹಿಂದೆ ಅವಳ ಗಂಡ ತೀರಿಕೊಂಡಾಗ ನಾನು ರೈಲು ಹತ್ತಿದೆ. ಮುಟ್ಟುವ ಹೊತ್ತಿಗೆ ಅಂತ್ಯಕ್ರಿಯೆ ಮುಗಿದಿತ್ತು. ಅಕ್ಕನ ಪಕ್ಕ ನಿಂತವರು ನೆರೆಮನೆಯವರು. ಅವಳು ನನಗೆ ಚಹಾ ಮಾಡಿಕೊಟ್ಟಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಹೋದ ವರ್ಷ ಒಂದು ಸೋಮವಾರ ಅವಳ ಫೋನ್ ಬಂತು. ಹೊಟ್ಟೆಯಲ್ಲಿ ಗಡ್ಡೆ, ಬುಧವಾರ ಬೆಳಿಗ್ಗೆ ಆಪರೇಷನ್.

"ನೀ ಬರೂದೇನ ಬ್ಯಾಡ. ಗೊತ್ತಿರ್ಲಿ ಅಂತ ಹೇಳಿದ್ನಿ," ಎಂದಳು.

ಬರುತ್ತೇನೆ ಎಂದೆ. ಹೇಗೆ ಎಂದು ಹೇಳಲಿಲ್ಲ. ವಿಮಾನ ಎಂದು ಜಂಬ ಕೊಚ್ಚಿ, ಕೊನೆಗೆ ಬಾಗಿಲಿನಿಂದ ಓಡಿ ಬಂದರೆ ಏನು ಗತಿ?

ಮರುದಿನ ಹೆಂಡತಿ ಬೆಳಗಾವಿಯ ವಿಮಾನ ನಿಲ್ದಾಣದವರೆಗೂ ಬಂದಳು. ನನ್ನನ್ನು ಕಳಿಸಲು ಅಲ್ಲ, ನಾನು ಮರಳದಂತೆ ಕಾಯಲು. "ನೀವು ಒಳಗ ಹೋಗೂ ತನಕಾ ಇಲ್ಲೇ ನಿಂದರ್ತೀನಿ. ಹೊಳ್ಳಿ ನೋಡಬ್ಯಾಡ್ರಿ," ಎಂದಳು. ಎರಡು ಸಲ ಹಿಂತಿರುಗಿ ನೋಡಿದೆ. ಎರಡೂ ಸಲ ನಿಂತೇ ಇದ್ದಳು.

ಒಳಗೆ ಕೂತ ಮೇಲೆ, ಹೆದರಿದವರ ಮೇಲೆ ಹಾವು ಎಸೆದಂತೆ, ಗಗನಸಖಿ ಎದುರಿಗೇ ನಿಂತು ನೀರಿನಲ್ಲಿ ಬಿದ್ದರೆ ಏನು ಮಾಡಬೇಕೆಂದು ತೋರಿಸಿದಳು. ಬೆಳಗಾವಿಗೂ ದಿಲ್ಲಿಗೂ ನಡುವೆ ಯಾವ ಸಮುದ್ರವಿದೆ ಎಂದು ಕೇಳಬೇಕೆನಿಸಿತು. ಕೇಳುವ ಬದಲು ಬೆಲ್ಟನ್ನು ಇನ್ನೊಮ್ಮೆ ಬಿಗಿದುಕೊಂಡೆ.

ವಿಮಾನ ಓಡಿ, ಮೇಲೆದ್ದು, ದೊಡ್ಡದಾಗಿ ಸದ್ದು ಮಾಡಿತು. ನಾಲ್ಕಲ್ಲ, ನಾಲ್ಕು ನೂರು ಮಗ್ಗದ ಸದ್ದು. ವಿಚಿತ್ರವೆಂದರೆ ನನಗೆ ಸಮಾಧಾನವಾಯಿತು. ಇಷ್ಟೇನಾ ಎಂದು ಕಣ್ಣು ಮುಚ್ಚಿದೆ. ಅಷ್ಟರಲ್ಲಿ ಸದ್ದು ಒಮ್ಮೆಲೇ ಇಳಿಯಿತು.

"ಕರೆಂಟ್ ಹೋತು!" ಎಂದು ಕೂಗಿದೆ.

ಕೂಗಿದವನು ನಾನೊಬ್ಬನೇ. ಮುಂದಿನ ಸಾಲಿನವರೆಲ್ಲ ಹಿಂತಿರುಗಿ ನೋಡಿದರು. ಗಗನಸಖಿ ನೀರು ತಂದುಕೊಟ್ಟಳು. ಗಡಿಬಿಡಿಯಲ್ಲಿ ತೆಗೆದುಕೊಳ್ಳುವಾಗ ಅರ್ಧ ನೀರು ಪಕ್ಕದಲ್ಲಿದ್ದವರ ಧೋತರದ ಮೇಲೆ ಚೆಲ್ಲಿತು. ಅವರು ಮುಧೋಳ ಕಡೆಯ ಕಬ್ಬಿನ ರೈತರು. ಧೋತರ ಕೊಡವಿಕೊಂಡು ಕೇಳಿದರು:

"ಕಬ್ಬ ಹೇರಿದ ಟ್ರ್ಯಾಕ್ಟರ್ ದಿಬ್ಬಾ ಏರೂ ಮುಂದ ಒದರ್ತೈತಿಲ್ರಿ?"

"ಹೌದ್ರಿ."

"ದಿಬ್ಬಾ ದಾಟಿದ ಮ್ಯಾಲ?"

"ಸದ್ದ ಕಡಿಮಿ ಆಗ್ತೈತ್ರಿ."

"ಆವಾಗ ಕೆಳಗ ಜಿಗೀತೀರೇನು?"

"ಇಲ್ರಿ."

"ಮತ್ತ ಸುಮ್ಮ ಕುಂದರ್ರಿ."

ಸುಮ್ಮನೆ ಕೂತೆ. ಇಷ್ಟು ವರ್ಷ ಎತ್ತರಕ್ಕೆ ಅಂಜುತ್ತೇನೆ ಎಂದುಕೊಂಡಿದ್ದೆ. ಅಂಜಿಕೆ ಇದ್ದದ್ದು ಬೇರೆ ಕಡೆ. ಮಗ್ಗ ನಿಂತರೆ ಎದ್ದು ಹೋಗಿ ಹರಿದ ಎಳೆ ಹುಡುಕಬಹುದು. ಇಲ್ಲಿ ಹುಡುಕುವವರು ಬೇರೆ, ನನ್ನ ಕೆಲಸ ಬರೀ ಕೂರುವುದು. ಅದು ನನಗೆ ಯಾರೂ ಕಲಿಸದ ಕೆಲಸ. ಮುಂದೆ ಮತ್ತೆ ಮೂರು ಸಲ ಸದ್ದು ಬದಲಾಯಿತು. ಪ್ರತಿ ಸಲವೂ ರೈತರ ಮುಖ ನೋಡಿದೆ. ಅವರು ಗೊರಕೆ ಹೊಡೆಯುತ್ತಿದ್ದರು. ಆ ಗೊರಕೆ ನಿಲ್ಲದಿರಲಿ ಎಂದು ದೇವರಲ್ಲಿ ಬೇಡಿಕೊಂಡೆ.

ಸಂಜೆ ಆಸ್ಪತ್ರೆ ಮುಟ್ಟಿದೆ. ಅಕ್ಕ ಮಂಚದ ಮೇಲೆ ಕೂತು ಮೋಸಂಬಿ ಸುಲಿಯುತ್ತಿದ್ದಳು. ನನ್ನನ್ನು ಕಂಡು ಕೈ ನಿಂತಿತು.

"ಇವತ್ತ ಹೆಂಗ ಬಂದ್ಯೋ?"

"ವಿಮಾನದಾಗ."

"ಅಂಜಲಿಲ್ಲೇನು?"

"ಅಂಜಿದ್ನಿ."

ಬೆಳಿಗ್ಗೆ ಎಷ್ಟು ಗಂಟೆಗೆ ಒಳಗೆ ಕರೆದೊಯ್ಯುತ್ತಾರೆ ಎಂದು ಕೇಳಿದೆ. ಅವಳು ಹಣ್ಣನ್ನೇ ನೋಡುತ್ತ ಹೇಳಿದಳು:

"ನಾಳೆ ಇಲ್ಲ, ಶುಕ್ರವಾರ. ನೀ ಬರ್ತೀನಿ ಅಂದ ಮ್ಯಾಲ ಡಾಕ್ಟರಿಗೆ ಹೇಳಿ ಎರಡ ದಿನ ಮುಂದ ಹಾಕ್ಸಿದ್ನಿ. ನನ್ನ ತಮ್ಮ ರೈಲಿನಾಗ ಬರಾಂವ ಅಂದ್ನಿ."

ನಾನು ಮಂಚದ ಅಂಚಿಗೆ ಕೂತೆ.

"ಆವಾಗ ಇವರು ತೀರಿಕೊಂಡಾಗ ನೀ ಬರೂ ತನಕಾ ಇಟಗೊಂಡು ಕುಂದ್ರಾಕ ಬರಲಿಲ್ಲ," ಎಂದಳು. "ಇದನ್ನ ಮುಂದ ಹಾಕಾಕ ಬಂತು."

ಅರ್ಧ ಮೋಸಂಬಿ ನನ್ನ ಕೈಗಿಟ್ಟಳು. ಅಳುತ್ತಲೇ ತಿಂದೆ. ಹುಳಿ ಇತ್ತು.