ಕಿಟಕಿ ಪಕ್ಕದ ಮೊಳೆ

ಹೆಂಡತಿ ತೊಮೊಯೆ ತೀರಿಕೊಂಡು ತಿಂಗಳಾದರೂ ಕುನಿಯೊ ಅತ್ತಿರಲಿಲ್ಲ. ನೊಶಿರೊ ಊರಿನವರು ಗಟ್ಟಿ ಮನುಷ್ಯ ಎಂದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಮರಗಟ್ಟಿ ಹೋಗಿದ್ದ, ಅಷ್ಟೇ. ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ನಾಲಿಗೆಗೆ ತಿಳಿಯುತ್ತಿರಲಿಲ್ಲ. ಸಂತಾಪದ ಕರೆಗಳು ಬೇಡವೆಂದು ಫೋನು ಆರಿಸಿಟ್ಟಿದ್ದ.

ಉಳಿದಿದ್ದು ಶಿಶುವಿಹಾರದ ಬಸ್ಸು ಓಡಿಸುವ ಕೆಲಸವೊಂದೇ. ಅಡುಗೆಮನೆಯ ಗಡಿಯಾರ ನೋಡಿ ಹೊರಡುವುದು ಹಳೆಯ ರೂಢಿ. ರೇಡಿಯೊ ಅಲೆ ಹಿಡಿದು ತನ್ನನ್ನು ತಾನೇ ಸರಿಪಡಿಸಿಕೊಳ್ಳುವ ಗಡಿಯಾರ. ಅದು ತಪ್ಪುವುದುಂಟೇ ಎಂದು ನಂಬಿ ಆ ವಾರ ಎರಡು ಸಲ ತಡವಾಗಿ ಹೋದ. ತಾಯಂದಿರು ಮಕ್ಕಳನ್ನು ಹಿಡಿದುಕೊಂಡು ಹಿಮದಲ್ಲಿ ನಿಂತಿದ್ದರು. ಇನ್ನೊಮ್ಮೆ ಹೀಗಾದರೆ ಬೇರೆ ಚಾಲಕನನ್ನು ನೋಡಬೇಕಾಗುತ್ತದೆ ಎಂದು ಮುಖ್ಯಸ್ಥೆ ತಲೆಬಾಗಿಸಿಯೇ ಹೇಳಿದಳು. ಅವನೂ ತಲೆಬಾಗಿಸಿದ. ಏನೂ ಅನ್ನಿಸಲಿಲ್ಲ.

ಭಾನುವಾರ ಬೆಳಿಗ್ಗೆ ಹೊಸ ಬ್ಯಾಟರಿ ಹಾಕಿದ. ಮುಳ್ಳುಗಳು ಗಿರ್ರನೆ ತಿರುಗಿ ಹನ್ನೆರಡಕ್ಕೆ ನಿಂತವು. ಕಾದವು, ಅಲೆ ಸಿಗಲಿಲ್ಲ, ಬೆಳಿಗ್ಗೆಯೇ ಹನ್ನೆರಡೂವರೆ ತೋರಿಸಿದವು. ಗುಂಡಿ ಒತ್ತಿದ. ಮತ್ತೆ ಅದೇ ಕಥೆ.

ಅಷ್ಟರಲ್ಲಿ ನಾದಿನಿ ಕಿನುಕೊ ಮೂಲಂಗಿ ಹಿಡಿದು ಬಂದಳು.

“ಏನು ಭಾವ, ಗಡಿಯಾರಾನ ಫ್ರಿಜ್ ಹಿಂದೆ ಮೂಲೇಲಿ ಹಾಕಿದೀರಿ? ಅಲ್ಲಿ ಅದಕ್ಕೇನು ಸಿಗತ್ತೆ, ನಿಮ್ಮ ತಲೆ?”

“ಮೊದಲು ಎಲ್ಲಿತ್ತು?”

“ಸರಿಹೋಯ್ತು! ಕಿಟಕಿ ಪಕ್ಕ ಅಲ್ವಾ? ಅಕ್ಕ ಇದನ್ನ ಮನೆಯೆಲ್ಲಾ ಹೊತ್ತು ತಿರುಗಿ, ಇಲ್ಲಿದ್ರೆ ಇದಕ್ಕೆ ಕಿವಿ ಕೇಳತ್ತೆ ಅಂತ ಅಲ್ಲೇ ಮೊಳೆ ಹೊಡೆದ್ಲು. ಹೊಸ ಗೋಡೆ ಹಾಳು ಮಾಡಿದ್ಲು ಅಂತ ನೀವು ಮುಖ ಊದಿಸ್ಕೊಂಡಿದ್ರಿ.”

ಆ ಮೊಳೆಯಲ್ಲಿ ಈಗ ತೊಮೊಯೆಯ ಫೋಟೊ ಇತ್ತು. ಚಿತಾಗಾರದಿಂದ ಬಂದ ದಿನ ಇನ್ನೊಂದು ಮೊಳೆ ಹೊಡೆಯಲು ಕೈಲಾಗದೆ ಅವನೇ ಗಡಿಯಾರ ತೆಗೆದು ಫೋಟೊ ನೇತುಹಾಕಿದ್ದ. ದಿನವೂ ಅದರ ಮುಂದೆ ಅನ್ನ ಇಡುತ್ತಿದ್ದರೂ ಗಡಿಯಾರ ಅಲ್ಲಿತ್ತೆಂಬುದೇ ಮರೆತುಹೋಗಿತ್ತು.

ಕಿನುಕೊಳ ದನಿ ಇಳಿಯಿತು. “ಇರ್ಲಿ ಬಿಡಿ ಭಾವ. ಒಂದು ಕೈಗಡಿಯಾರ ತಗೊಂಡ್ರಾಯ್ತು.”

ಕುನಿಯೊ ಫೋಟೊ ಇಳಿಸಿ ಕಂಕುಳಲ್ಲಿ ಅವುಚಿಕೊಂಡ. ಗಡಿಯಾರವನ್ನು ಅದರ ಜಾಗಕ್ಕೆ ಹಾಕಿ ಗುಂಡಿ ಒತ್ತಿದ. ಮುಳ್ಳುಗಳು ಹನ್ನೆರಡಕ್ಕೆ ಹೋಗಿ ನಿಂತವು. ಅವನು ಫೋಟೊ ತೊಡೆಯ ಮೇಲಿಟ್ಟುಕೊಂಡು ಕೂತ. ಕಿನುಕೊ ಮಾಡಿಕೊಟ್ಟ ಚಹಾ ಆರಿತು.

ಇದ್ದಕ್ಕಿದ್ದಂತೆ ಮುಳ್ಳುಗಳು ಎದ್ದು ಓಡಿ ಹತ್ತು ಗಂಟೆಯ ಹತ್ತಿರ ನಿಂತವು.

“ಬಂತು ಕಣೇ! ನೀನು ಹೇಳಿದ್ದೇ ಸರಿ,” ಎಂದ ಕುನಿಯೊ ತೊಡೆಯ ಮೇಲಿನ ಫೋಟೊ ಕಡೆ ಬಗ್ಗಿ.

ಉತ್ತರಕ್ಕೆ ಕಾದ. ಉತ್ತರ ಬರುವುದಿಲ್ಲ ಎಂದು ಅವನಿಗೆ ಗೊತ್ತಾಗಿದ್ದು ಆಗಲೇ. ಫೋಟೊದ ಗಾಜಿಗೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತ.

ಕಿನುಕೊ ಬೆನ್ನು ತಿರುಗಿಸಿ ನಿಂತು ಮೂಲಂಗಿ ಹೆಚ್ಚತೊಡಗಿದಳು.