ಅಯ್ನೋರ ಹೋಟ್ಲಿನ ಕನ್ನಡಿ

ತಮ್ಮ ಶ್ರೀಧರ ಕಾರಿನಿಂದ ಇಳಿದವನೇ ಸ್ಟೀಲ್ ಕ್ಯಾರಿಯರನ್ನು ನನ್ನ ಊಟದ ಮೇಜಿನ ಮೇಲಿಟ್ಟು, "ಅಕ್ಕ, ಕಣ್ಣು ಮುಚ್ಕೋ, ಏನೂ ಮಾತಾಡಬೇಡ" ಎಂದು ಮುಚ್ಚಳ ತೆಗೆದ. ಈರುಳ್ಳಿ ಹುಳಿಯ ವಾಸನೆ. ಸೌದೆ ಒಲೆಯ ಮೇಲೆ ನಿಧಾನಕ್ಕೆ ಕುದ್ದು, ಸಣ್ಣೀರುಳ್ಳಿ ಬೆಂದು ತುಸು ಸಿಹಿಯಾಗಿ, ಹುರಿದ ಕೊತ್ತಂಬರಿ ಬೀಜ ಮತ್ತು ಕೊಬ್ಬರಿಯ ಹಿಂದೆ ಎಲ್ಲೋ ಒಂದೆಳೆ ಹೊಗೆ ಉಳಿದುಕೊಂಡ ವಾಸನೆ. ಶ್ರೀರಂಗಪಟ್ಟಣದ ಈ ಮನೆಯಲ್ಲಿ ಗ್ಯಾಸಿನ ಒಲೆಯ ಮುಂದೆ ನಿಂತು ಎಷ್ಟು ವರ್ಷ ಹೆಣಗಿದರೂ ನನ್ನ ಕೈಗೆ ಬಾರದ ವಾಸನೆ. ಕಣ್ಣು ಮುಚ್ಚಿದ್ದವಳು ಹಾಗೇ ನಾಗಮಂಗಲದ ನಮ್ಮ ಹೋಟೆಲಿಗೆ ಹೋಗಿ, ಅಡುಗೆಮನೆ ಬಾಗಿಲ ಪಕ್ಕದ ಅಕ್ಕಿ ಮೂಟೆಯ ಮೇಲೆ ಕೂತುಬಿಟ್ಟಿದ್ದೆ. ಬಾಯಲ್ಲಿ ನೀರೂರಿತು, ಕಣ್ಣಲ್ಲೂ ಬಂತು. "ಅದೇ ತಾನೇ?" ಎಂದ ಶ್ರೀಧರ. "ಅದೇ ಕಣೋ" ಎಂದೆ. ಅಷ್ಟರಲ್ಲಿ ಆ ಮೂಟೆಯ ಮೇಲೆ ಕೂತರೆ ಏನು ಕಾಣುತ್ತಿತ್ತು ಎನ್ನುವುದೂ ನೆನಪಾಯಿತು. ಅದನ್ನು ಅವನಿಗೆ ಹೇಳಲಿಲ್ಲ.

ನಿಮ್ಮೂರಿನಲ್ಲೂ ಇಂಥದೊಂದು ಹೋಟೆಲು ಇದ್ದೇ ಇರುತ್ತದೆ. ಬೋರ್ಡಿನಲ್ಲಿ ಯಾವ ದೇವರ ಹೆಸರಿದ್ದರೂ ಜನರ ಬಾಯಲ್ಲಿ ನಮ್ಮದು ಅಯ್ನೋರ ಹೋಟ್ಲು. ತಾತ ಶುರು ಮಾಡಿದ್ದು, ಅಪ್ಪ ನಡೆಸಿದ್ದು. ಬೆಳಕು ಹರಿಯುವ ಮೊದಲೇ ಒಳಗೆ ರುಬ್ಬುವ ಕಲ್ಲಿನ ಸದ್ದು ನಿಂತು ಇಡ್ಲಿ ಕೊಳಗದ ಹಬೆ ಏಳುತ್ತಿತ್ತು. ಮೊದಲ ಬಸ್ಸಿನ ಡ್ರೈವರು, ಕೋರ್ಟಿಗೆ ಬಂದ ಎರಡೂ ಕಡೆಯ ಕಕ್ಷಿಗಾರರು, ಕೆ.ಆರ್. ಪೇಟೆ ಬಸ್ಸು ತಪ್ಪಿಸಿಕೊಂಡು ಬೈದುಕೊಳ್ಳುತ್ತ ಬಂದವರು, ಎಲ್ಲರೂ ಒಂದೇ ಬೆಂಚಿನ ಮೇಲೆ ಒತ್ತೊತ್ತಾಗಿ ಕೂತು ದೋಸೆಗೆ ಕಾಯುತ್ತಿದ್ದರು. ಪರೀಕ್ಷೆಯ ದಿನ ಹಳ್ಳಿಯಿಂದ ನಡೆದು ಬಂದ ಮಕ್ಕಳಿಗೆ ಅಪ್ಪ ಕಾಸು ಕೇಳುತ್ತಿರಲಿಲ್ಲ, "ಬರೆದು ಬಾ ಹೋಗಪ್ಪ" ಎನ್ನುತ್ತಿದ್ದ. ಒಳಗೆ ಹೋದರೆ ಬಾಗಿಲಿಗೆ ಎದುರಾಗಿ, ಕೈ ತೊಳೆಯುವ ತೊಟ್ಟಿಯ ಮೇಲೆ, ತಾತ ಮೈಸೂರಿನಿಂದ ಗಾಡಿಯಲ್ಲಿ ಹುಲ್ಲು ಹಾಸಿ ತಂದ ಬೀಟೆ ಚೌಕಟ್ಟಿನ ಆಳೆತ್ತರದ ಕನ್ನಡಿ. ಕೈ ತೊಳೆದವರೆಲ್ಲ ಅದರಲ್ಲಿ ಮೀಸೆ ಒರೆಸಿಕೊಂಡು, ಕ್ರಾಪು ತೀಡಿಕೊಂಡು, ತಾವು ಚೆನ್ನಾಗಿದ್ದೇವೆಂದು ಖಾತ್ರಿಯಾದ ಮೇಲೆಯೇ ಹೊರಡುತ್ತಿದ್ದರು. ನನಗೆ ಅದಕ್ಕಿಂತ ದೊಡ್ಡ ಕನ್ನಡಿ ಲೋಕದಲ್ಲಿ ಇರಲಾರದು ಅನ್ನಿಸುತ್ತಿತ್ತು.

ಅಪ್ಪ ಹೋದ ಮೇಲೆ ಹೋಟೆಲು ಮುಚ್ಚಿತು. ಕನ್ನಡಿ ನನ್ನ ಮನೆಗೆ ಬಂದು ಹಳೇ ಸೀರೆ ಸುತ್ತಿಕೊಂಡು ಗೋಡೆಗೆ ಒರಗಿತು. ಕಟ್ಟಡದಲ್ಲಿ ಮೊಬೈಲು ರಿಪೇರಿಯವರು ಇದ್ದರು, ಈಚೆಗೆ ಅವರೂ ಬಿಟ್ಟರು. ಶ್ರೀಧರನಿಗೆ ಹೋಟೆಲನ್ನು ಮತ್ತೆ ತೆಗೆಯುವ ಹುಚ್ಚು ಹಿಡಿದದ್ದು ಆಗ. ಮೊಬೈಲಿನಲ್ಲಿ ಒಂದು ಗುಂಪು ಕಟ್ಟಿದ್ದೇ ತಡ, ಊರೇ ಬಂದು ಅದರೊಳಗೆ ಕೂತಿತು. ಅವನು ಹಳೇ ಗಿರಾಕಿಗಳನ್ನು ಹುಡುಕಿಕೊಂಡು ಹೋಗಿ, ಒಬ್ಬೊಬ್ಬರ ಮಾತನ್ನೂ ವಿಡಿಯೋ ಹಿಡಿದು ಹಾಕತೊಡಗಿದ. ನಿವೃತ್ತ ಕಂಡಕ್ಟರು ಕಣ್ಣೊರೆಸಿಕೊಂಡರು. ವಕೀಲರೊಬ್ಬರು ಸಾಗುವಿನ ಮಾತು ಬಂದ ಕೂಡಲೇ ಗದ್ಗದರಾದರು. ಎಲ್ಲರ ಮಾತಿನ ಕೊನೆಯೂ ಒಂದೇ: ಏನೂ ಬದಲಾಯಿಸಬೇಡಿ, ಹೇಗಿತ್ತೋ ಹಾಗೇ ಇರಲಿ. ನಾನು ಆ ವಿಡಿಯೋಗಳನ್ನು ಒಂದೂ ಬಿಡದೆ ನೋಡಿದೆ. ನಗುತ್ತ ನೋಡಿದೆ, ಅಳುತ್ತಲೂ ನೋಡಿದೆ. ‘ಹಾಗೇ ಇರಲಿ’ ಎಂಬ ಮಾತು ಬಂದಾಗಲೆಲ್ಲ ಫೋನನ್ನು ಕವುಚಿ ಹಾಕುತ್ತಿದ್ದೆ.

ಹೇಗಿತ್ತು ಎಂದು ಹೇಳಿಬಿಡುತ್ತೇನೆ. ಹೋಟೆಲಿನ ಹೊರಗೋಡೆಯಲ್ಲಿ, ಹೊಂಗೆ ಮರದ ಕಡೆಗೆ, ಒಂದು ಗೂಡಿತ್ತು. ಅದರಲ್ಲಿ ಒಂದು ನಗ್ಗಿದ ಅಲ್ಯೂಮಿನಿಯಂ ಲೋಟ. ಅದು ಊರಾಚೆಯ ಕೇರಿಯವರ ಲೋಟ. ಅವರು ಒಳಗೆ ಬರುವಂತಿರಲಿಲ್ಲ. ಬಂದವರು ಲೋಟವನ್ನು ತಾವೇ ತೆಗೆದುಕೊಂಡು ನೆಲದ ಮೇಲಿಡಬೇಕು, ನಮ್ಮವರು ಮೇಲಿನಿಂದ ಕಾಫಿ ಹೊಯ್ಯಬೇಕು, ಕುಡಿದವರೇ ತೊಳೆದು ಬೋರಲು ಹಾಕಬೇಕು. ಆ ಲೋಟ ಹೆಚ್ಚಾಗಿ ಕಾಣುತ್ತಿದ್ದುದು ಸಿದ್ದಯ್ಯನ ಕೈಯಲ್ಲಿ. ದೇವಲಾಪುರದ ಕಡೆಯಿಂದ ಗಾಡಿ ಹೊಡೆದುಕೊಂಡು ನಮಗೆ ಸೌದೆ ತರುತ್ತಿದ್ದವನು ಅವನು. ಹುಳಿಗೆ ಆ ಹೊಗೆ ಬರುತ್ತಿದ್ದುದು ಅವನು ಸೀಳಿ ಒಟ್ಟಿದ ಸೌದೆಯಿಂದ. ಅಪ್ಪನ ವಯಸ್ಸಿನ ಆ ಮನುಷ್ಯನನ್ನು ಮೂಗೊರೆಸಿಕೊಳ್ಳಲು ಬಾರದ ನಾವು ‘ಸಿದ್ದ, ಲೇ ಸಿದ್ದ’ ಎಂದು ಕೂಗುತ್ತಿದ್ದೆವು. ಅವನು ಓಗೊಡುತ್ತಿದ್ದ. ಈಗ ಇದನ್ನು ಬರೆಯುವಾಗಲೂ ‘ಅವನು’ ಎಂದೇ ಬರುತ್ತಿದೆ ನೋಡಿ.

ಮೂಟೆಯ ಮೇಲೆ ನಾನು ಬೀದಿಗೆ ಬೆನ್ನು ಹಾಕಿ ಕೂರುತ್ತಿದ್ದೆ. ಆದರೆ ಎದುರಿನ ಕನ್ನಡಿಯಲ್ಲಿ ಬಾಗಿಲು, ಬಾಗಿಲಾಚೆ ಹೊಂಗೆ ಮರ, ಮರದಡಿಯ ಸಿದ್ದಯ್ಯ ಎಲ್ಲ ಕಾಣುತ್ತಿದ್ದವು. ಒಂದು ಮಧ್ಯಾಹ್ನ ಮೋಡ ಕವುಚಿಕೊಂಡು ಜೋರು ಮಳೆ. ಹೋಟೆಲಿನಲ್ಲಿ ಒಂದು ನರಪಿಳ್ಳೆಯೂ ಇಲ್ಲ, ಬೆಂಚುಗಳೆಲ್ಲ ಖಾಲಿ. ಸೌದೆ ಇಳಿಸಿ ಮುಗಿಸಿದ ಸಿದ್ದಯ್ಯ ಸೂರಿನ ನೀರು ಬೀಳುವ ಕಡೆ ನಿಂತು, ಒಂದು ಕೈಯನ್ನು ಲೋಟದ ಮೇಲೆ ಮುಚ್ಚಿಕೊಂಡು, ಮಳೆನೀರು ಬೀಳದ ಹಾಗೆ ಕಾಫಿ ಕುಡಿಯುತ್ತಿದ್ದ. ಅಪ್ಪ ಗಲ್ಲಾದ ಹಿಂದೆ ಪೇಪರು ಓದುತ್ತಿದ್ದ. ಒಳಗೆ ಬಾ ಎಂದು ಯಾರೂ ಹೇಳಲಿಲ್ಲ. ನನಗೂ ಹೇಳಬೇಕೆಂದು ಹೊಳೆಯಲಿಲ್ಲ. ನಾನು ಮಾಡಿದ್ದು ಇಷ್ಟೇ: ಮೂಟೆಯ ಮೇಲೆ ಸ್ವಲ್ಪ ಪಕ್ಕಕ್ಕೆ ಸರಿದು ಕೂತೆ. ಆಗ ಕನ್ನಡಿಯಲ್ಲಿ ಬರೀ ಗೋಡೆ ಕಾಣಿಸಿತು.

ಶ್ರೀಧರ ನನಗಿಂತ ಬಹಳ ಚಿಕ್ಕವನು. ಅವನಿಗೆ ತಿಳುವಳಿಕೆ ಬರುವ ಹೊತ್ತಿಗೆ ಲೋಟ ಹೋಗಿತ್ತು. ಯಾರು ತೆಗೆದರೋ, ಯಾಕೆ ತೆಗೆದರೋ, ಮನೆಯಲ್ಲಿ ಒಂದು ಮಾತೂ ಆಗಲಿಲ್ಲ. ಲೋಟ ಹೋದ ಮೇಲೂ ಸಿದ್ದಯ್ಯ ಒಳಗೆ ಬರಲಿಲ್ಲ, ಬಾ ಎಂದು ಆಗಲೂ ಯಾರೂ ಕರೆಯಲಿಲ್ಲ. ಆ ದಿನ ಕ್ಯಾರಿಯರು ಮುಚ್ಚುತ್ತ ಶ್ರೀಧರ, "ಕೊನೇ ವಿಡಿಯೋ ಒಂದು ಬಾಕಿ ಇದೆ. ನಮಗೆ ಸೌದೆ ಹಾಕ್ತಿದ್ದ ಸಿದ್ದಯ್ಯನವರು ಪಾಂಡವಪುರದಲ್ಲಿ ಮಗನ ಮನೇಲಿ ಇದ್ದಾರಂತೆ. ನೀನೂ ಬಾ, ನಿನ್ನನ್ನ ನೋಡಿದ್ರೆ ಖುಷಿ ಪಡ್ತಾರೆ" ಎಂದ. ಹೋಗುವ ದಾರಿಯುದ್ದಕ್ಕೂ ಕಬ್ಬಿನ ಗದ್ದೆ, ಆಲೆಮನೆಯ ಬೆಲ್ಲದ ಗಮ. ಹೇಳಬೇಕು, ಈಗ ಹೇಳಬೇಕು ಎಂದುಕೊಂಡೆ. ಅಪ್ಪನನ್ನು ದೇವರೆಂದುಕೊಂಡಿರುವ ತಮ್ಮನಿಗೆ ಎಲ್ಲಿಂದ ಶುರು ಮಾಡಲಿ? ಮಕ್ಕಳಿಗೆ ಜೀವಮಾನವೆಲ್ಲ ಪಾಠ ಹೇಳಿದ ಬಾಯಿ ಅವತ್ತು ಕಟ್ಟಿಹೋಗಿತ್ತು.

ತೊಣ್ಣೂರಿಗೆ ಹೋಗುವ ರಸ್ತೆಯ ಮೇಲೆ ಮಗ ಕಟ್ಟಿಸಿದ ಮನೆ, ತಾರಸಿಯದು. ಸಿದ್ದಯ್ಯನವರು ಜಗಲಿಯ ಕುರ್ಚಿಯಲ್ಲಿ ಬಿಳೀ ಪಂಚೆ ಉಟ್ಟು ಕೂತಿದ್ದರು. ಶ್ರೀಧರ ಗುರುತು ಹೇಳಿಕೊಂಡ. ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, "ಅಕ್ಕಿ ಮೂಟೆ ಮ್ಯಾಲೆ ಕೂತಿರ್ತಿದ್ದ ಮಗ ಅಲ್ವಾ ಅಮ್ಮಣ್ಣಿ ನೀನು?" ಎಂದರು. ಮೂಟೆ ಇದ್ದದ್ದು ಗೋಡೆಯ ಮರೆಯಲ್ಲಿ, ಬೀದಿಯಲ್ಲಿ ನಿಂತವರಿಗೆ ಅದು ನೇರವಾಗಿ ಕಾಣುವಂತಿರಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಸೊಸೆ ಬಂದು ಬಾಗಿಲಲ್ಲೇ ನಿಂತು, "ಕಾಫಿ... ನೀವು ಕುಡೀತೀರಾ?" ಎಂದು ಕೇಳಿದಳು. ಮನೆಗೆ ಬಂದವರನ್ನು ಹಾಗೆ ಕೇಳಿ ನೋಡಬೇಕಾದ ಸ್ಥಿತಿ ಅವಳದು. ಕುಡಿಯುತ್ತೇವೆ ಎಂದು ನಾನು ಅವಸರವಸರವಾಗಿ, ಬೇಕಾದ್ದಕ್ಕಿಂತ ಗಟ್ಟಿಯಾಗಿ ಹೇಳಿದೆ. ತಳತಳ ಹೊಳೆಯುವ ಲೋಟಗಳಲ್ಲಿ ಕಾಫಿ ಬಂತು.

ಶ್ರೀಧರ ಹುಳಿಯನ್ನು ಬಟ್ಟಲಿಗೆ ಬಗ್ಗಿಸಿ ಅವರ ಕೈಗೆ ಕೊಟ್ಟ. ಸಿದ್ದಯ್ಯನವರು ಬೆರಳಲ್ಲಿ ಅದ್ದಿ ನೆಕ್ಕಿ, ಕಣ್ಣು ಮುಚ್ಚಿ, "ಅದೇ ಕಣಪ್ಪ. ಅಯ್ನೋರ್ ಕೈ ರುಚಿ ಅಂಗೇ ತಂದ್ಬುಟ್ಟಿದ್ದೀಯ" ಎಂದರು. ಸಂತೋಷಕ್ಕೆ ಶ್ರೀಧರನ ಮುಖ ಕೆಂಪಾಯಿತು. ಫೋನು ಹಿಡಿದು, ಎಲ್ಲರನ್ನೂ ಕೇಳುವ ಪ್ರಶ್ನೆಯನ್ನೇ ಕೇಳಿದ: "ನಮ್ಮ ಹೋಟ್ಲಲ್ಲಿ ನೀವು ಯಾವ ಜಾಗದಲ್ಲಿ ಕೂರ್ತಿದ್ರಿ?"

ಸಿದ್ದಯ್ಯನವರು ನಕ್ಕರು. ಅದರಲ್ಲಿ ಕೊಂಕಿರಲಿಲ್ಲ. "ಕೂರಾದೆಲ್ಲಿ ಬಂತಪ್ಪ? ನಾವು ಆಚೆ ಹೊಂಗೆ ಮರದಡಿ ನಿಂತ್ಕಂಡು ಕುಡೀತಿದ್ದೋ. ನಮ್ ಲೋಟನೇ ಬ್ಯಾರೆ ಇತ್ತಲ್ಲ, ಗೂಡ್ನಲ್ಲಿ." ಶ್ರೀಧರ ನನ್ನ ಕಡೆ ತಿರುಗಿದ. ನಾನು ಕಾಫಿಯ ಲೋಟ ನೋಡುತ್ತ ಕೂತಿದ್ದೆ.

"ಒಳಗೆ ಎದ್ರುಗೋಡೇಲಿ ಒಂದು ಕನ್ನಡಿ ಇತ್ತಲ್ಲ, ಐತಾ ಇನ್ನೂವೆ?" ಎಂದು ಅವರು ಕೇಳಿದರು. ನನ್ನ ಮನೆಯಲ್ಲಿದೆ ಎಂದೆ. "ಒಳೀಕೆ ಒಂದಪಾನೂ ಕಾಲಿಟ್ಟೋನಲ್ಲ ನಾನು. ಆದ್ರೂ ಆ ಕನ್ನಡೀಲಿ ಎಲ್ಲಾರೂ ಕಾಣೋರು. ಯಾರ್ ಏನ್ ತಿಂತಾವ್ರೆ, ಯಾರ್ ನಗ್ತಾವ್ರೆ, ಎಲ್ಲಾನೂವೆ. ನೀನು ಮೂಟೆ ಮ್ಯಾಲೆ ಕಾಲಾಡುಸ್ಕಂಡು ಕೂತಿರದೂವೆ. ಸಿನ್ಮಾ ನೋಡ್ದಂಗೆ ನೋಡ್ತಿದ್ದೆ." ಆಮೇಲೆ ಮಗುವಿನ ಕುತೂಹಲದಲ್ಲಿ ಕೇಳಿದರು: "ಒಂದ್ ಮಾತ್ ಕೇಳ್ತೀನಿ ಅಮ್ಮಣ್ಣಿ. ನಿಮ್ಗೂ ನಾನು ಕಾಣ್ತಿದ್ನಾ?"

ಇಲ್ಲ ಎಂದುಬಿಟ್ಟಿದ್ದರೆ ಎಲ್ಲರಿಗೂ ಸುಲಭವಾಗುತ್ತಿತ್ತು. ಅಪ್ಪ ಒಳ್ಳೆಯವನಾಗಿಯೇ ಉಳಿಯುತ್ತಿದ್ದ, ಹುಳಿಯ ರುಚಿಯೂ ಕೆಡುತ್ತಿರಲಿಲ್ಲ.

"ಕಾಣ್ತಿದ್ರಿ" ಎಂದೆ.

ಅವರು ತಲೆಯಾಡಿಸಿದರು. ಹುಳಿಯ ಬಟ್ಟಲನ್ನು ಮೆಲ್ಲಗೆ ಪಕ್ಕದ ಕಿಟಕಿಯ ಕಟ್ಟೆಯ ಮೇಲಿಟ್ಟರು. "ಕಾಣಾಕಿಲ್ಲ ಅಂತ್ಲೇ ಅಂದ್ಕಂಡಿದ್ದೆ ಕಣವ್ವ. ಒಳಗಿರೋರ್ಗೆ ಏನ್ ಗೊತ್ತಾದಾತು, ಪಾಪ, ಅಂತ."

ಆಮೇಲೆ ಅವರು ಹುಳಿಯನ್ನು ಮುಟ್ಟಲಿಲ್ಲ. ನಮ್ಮನ್ನು ಬೀಳ್ಕೊಡುವಾಗ ಮಾತ್ರ ಎದ್ದು ನಿಂತು, ಜೋಪಾನ ಎಂದರು. ಕಾರಿನಲ್ಲಿ ಶ್ರೀಧರ, "ನೀನು ನನಗ್ಯಾಕೆ ಹೇಳಲಿಲ್ಲ ಅಕ್ಕ?" ಎಂದ. ನಾಚಿಕೆಯಾಗುತ್ತಿತ್ತು ಎಂದೆ. ಅವನಿಗೆ ಅದು ಉತ್ತರ ಅನ್ನಿಸಲಿಲ್ಲ, ನನಗೂ ಅನ್ನಿಸಲಿಲ್ಲ.

ಆ ವಿಡಿಯೋವನ್ನು ಅವನು ಯಾರಿಗೂ ಕಳಿಸಿಲ್ಲ, ಅಳಿಸಿಯೂ ಇಲ್ಲ. ನಾಗಮಂಗಲದಲ್ಲಿ ಗೋಡೆಗೆ ಅರ್ಧ ಬಣ್ಣ ಬಳಿದು ಕೆಲಸ ನಿಂತಿದೆ. ಯಾವಾಗ ತೆಗೀತೀರಿ ಎಂದು ಗುಂಪಿನಲ್ಲಿ ಜನ ದಿನಾ ಕೇಳುತ್ತಾರೆ. ತೆಗೆಯಬಹುದು, ತೆಗೆಯದೆಯೂ ಇರಬಹುದು. ತೆಗೆದರೆ ನನಗೂ ಅಲ್ಲಿ ಕೂತು ಒಂದು ದೋಸೆ ತಿನ್ನುವ ಆಸೆ ಇದೆ. ಆ ಆಸೆ ಇನ್ನೂ ಸತ್ತಿಲ್ಲವಲ್ಲ ಎಂದೇ ಮುಜುಗರ. ಕನ್ನಡಿಗೆ ಸುತ್ತಿದ್ದ ಸೀರೆಯನ್ನು ಮೊನ್ನೆ ಬಿಚ್ಚಿದೆ. ಅಂಚಿನಲ್ಲಿ ಅಲ್ಲಲ್ಲಿ ಕಪ್ಪು ಕಲೆ ಎದ್ದಿವೆ. ಅದರ ಮುಂದೆ, ಬಾಗಿಲಿಗೆ ಬೆನ್ನು ಹಾಕಿ, ಕುರ್ಚಿ ಹಾಕಿಕೊಂಡು ಕೂತೆ. ಬೀದಿಯಲ್ಲಿ ಹೂ ಮಾರುವವಳೊಬ್ಬಳು ಬುಟ್ಟಿ ಇಳಿಸಿ, ನಮ್ಮ ಗೇಟಿನ ನೆರಳಲ್ಲಿ ನಿಂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಇಷ್ಟು ಹಳೆಯ ಕನ್ನಡಿ, ಆದರೂ ಚೆನ್ನಾಗಿಯೇ ಕಾಣುತ್ತಿದ್ದಳು.